ಎಡಕ್ಕೆ ಇಪ್ಪತ್ತನಾಲ್ಕು

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರೆ
ಕಾಲುವೆಯ ನೀರು ಅದರೊಳಗೆ ಅಲುಗುತ್ತದೆ.
ಹದಿನಾಲ್ಕು ಡಿಗ್ರಿ, ಬಲಕ್ಕೆ.
‘ಭಾರೀ ಏನಲ್ಲ’ ಅಂದಳು ತುಲ್ಲಿಯಾ,
ನನ್ನ ಬೆನ್ನಿನ ಮಣಿಗಳನ್ನು ಬೆರಳಲ್ಲಿ ಎಣಿಸುತ್ತ.

ಭಾರೀ ಏನಲ್ಲ. ಆದರೂ ಏಳು ವರ್ಷದಿಂದ
ಚೀಲದ ಪಟ್ಟಿ ಒಂದೇ ಹೆಗಲಿಂದ ಜಾರುತ್ತಿದೆ,
ಅಮ್ಮ ಪ್ರತಿ ಲಂಗದ ಅಂಚನ್ನೂ
ಒಂದು ಕಡೆ ಎರಡು ಬೆರಳು ಹೆಚ್ಚು ಮಡಚಿ ಹೊಲಿಯುತ್ತಾಳೆ,
ಯಾಕೆಂದು ಹೇಳದೆ.

ಹಗಲೆಲ್ಲ ಆಲ್ವಿಸೆಯ ದೋಣಿ ಕಟ್ಟುವ ಅಂಗಳದಲ್ಲಿ
ಓಕ್ ಹಲಗೆಗೆ ಉಜ್ಜುಗೊರಡು ಹಿಡಿಯುತ್ತೇನೆ.
ರಾತ್ರಿ ಚಾಪೆ ಹಾಸಿ ನಾನೇ ಹಲಗೆ:
ಮೊಣಕೈ, ಕಾಲ್ಬೆರಳು,
ನಡುವೆ ನಡುಗುವ ಹೊಟ್ಟೆ.
ಇಪ್ಪತ್ತು ಎಣಿಸುವಷ್ಟರಲ್ಲಿ
ಪಕ್ಕದ ಮನೆಯ ಟಿವಿಯಲ್ಲಿ ಗೋಲು,
ನಾನು ನೆಲಕ್ಕೆ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ವೆನಿಸ್ಸಿನಲ್ಲಿ ಅವಳ ಮಾತು ನಿಜ.
ಕಿತ್ತಳೆ ಕೈಜಾರಿದರೆ ತಾನೇ ಉರುಳಿ
ಒಲೆಯಡಿ ಸೇರುತ್ತದೆ.
ಗಂಟೆಗೋಪುರಗಳೂ ವಾಲಿವೆ,
ಗುಟ್ಟು ಹೇಳಲು ಬಾಗಿದ ಮುದುಕಿಯರ ಹಾಗೆ.

ತುಲ್ಲಿಯಾ ಕಲಿಸಿದ್ದು:
ಮಂಡಿಯೂರು, ಅಂಗೈ ಊರು, ಈಗ
ಬಲಗೈ ಮುಂದೆ, ಎಡಗಾಲು ಹಿಂದೆ,
ಬೆನ್ನ ಮೇಲೆ ಕಾಫಿ ಬಟ್ಟಲಿದೆ ಅಂದುಕೋ.
ಒಮ್ಮೆ ನಿಜಕ್ಕೂ ಇಟ್ಟೆ. ಚಾಪೆಯಲ್ಲಿ ಇನ್ನೂ ಕಲೆಯಿದೆ.
ಕುಸಿದ ಪಕ್ಕೆಗೆ ಉಸಿರು ಕಳಿಸು,
ಮಡಚಿದ ಕೊಡೆಯನ್ನು ಒಳಗಿಂದ ಬಿಚ್ಚುವ ಹಾಗೆ.
ಉಸಿರು ಹೋಗುವುದೇ ಇಲ್ಲ. ನಕ್ಷೆ ಓದಲು ಬಾರದ ಪ್ರವಾಸಿ,
ಮತ್ತೆ ಮತ್ತೆ ಬಲಗಡೆಯ ಸೇತುವೆಗೇ ಬಂದು ನಿಲ್ಲುತ್ತದೆ.

‘ನೇರ ಆಗುತ್ತಾ?’
ಅವಳು ಸುಳ್ಳು ಹೇಳಲಿಲ್ಲ.
‘ಗಟ್ಟಿ ಆಗುತ್ತೆ.’

ನಿನ್ನೆ ಗೊಂಡೊಲಾ ಒಂದನ್ನು ಕವುಚಿ ಹಾಕಿ
ತಳದ ಪಾಚಿ ಕೆರೆಯುತ್ತಿದ್ದೆವು.
‘ದಾರ ಹಿಡಿ’ ಅಂದ ಆಲ್ವಿಸೆ, ಮೂತಿಯಿಂದ ಬಾಲಕ್ಕೆ.
ದಾರದ ಎಡಕ್ಕೆ ಹೊಟ್ಟೆ ಹೆಚ್ಚು, ಬಲಕ್ಕೆ ಕಡಿಮೆ:
ಇಪ್ಪತ್ತನಾಲ್ಕು ಸೆಂಟಿಮೀಟರು.
ಕೈತಪ್ಪಿದ್ದಲ್ಲ, ಅಳೆದು ಬಗ್ಗಿಸಿದ ಡೊಂಕು.
ಹುಟ್ಟು ಒಂದೇ, ಅದೂ ಬಲಕ್ಕೆ;
ಎರಡೂ ಮಗ್ಗುಲು ಸಮ ಇದ್ದಿದ್ದರೆ
ದೋಣಿ ನಿಂತಲ್ಲೇ ಸುತ್ತುತ್ತಿತ್ತು.

ನನ್ನದನ್ನು ಯಾರೂ ಅಳೆದು ಬಗ್ಗಿಸಲಿಲ್ಲ.
ಹೋಲಿಕೆ ಇಲ್ಲಿಗೇ ಮುಗಿಯಿತು, ಗೊತ್ತು.
ಆದರೂ ರಾತ್ರಿ ಮಗ್ಗುಲಾಗಿ
ಒಂದು ಮೊಣಕೈ ಊರಿ ಸೊಂಟ ಎತ್ತಿದೆ.
ಮೂವತ್ತೊಂದು, ಮೂವತ್ತೆರಡು,
ಕುಸಿದ ಪಕ್ಕೆಯ ಯಾವುದೋ ಸಂದಿಗೆ
ತೆಳ್ಳಗೆ ಗಾಳಿ ನುಗ್ಗಿತು.
ಒಲೆಯಡಿಯಿಂದ ಕಿತ್ತಳೆ ನೋಡುತ್ತಿತ್ತು.
ಮೂವತ್ತಮೂರು.