ವಾಲ್ಜಿಗೆ, ಕಂಬದ ಮೇಲಿಂದ

ಯಾಕೆ ಬಿಟ್ಟು ಹೋದೆ ಅಂತ ಮತ್ತೆ ಕೇಳಿದ್ದೀಯ, ವಾಲ್ಜಿ.
ನನ್ನ ಹಿಂದಿ ನಿನಗೆ ಗೊತ್ತು.
ಬೋಲ್ಟು, ಗ್ರೀಸು, ಸಂಬಳ, ಹುಷಾರು,
ಇಷ್ಟನ್ನು ಹೊರುತ್ತದೆ. ಇನ್ನೂ ಭಾರ ಹೇರಿದರೆ
ಕಾಲು ಮಡಚಿ ಕೂತುಬಿಡುತ್ತದೆ.
ಅದಕ್ಕೇ ಇದನ್ನು ನನ್ನ ಮಾತಲ್ಲೇ ಬರೆಯುತ್ತಿದ್ದೇನೆ.
ನೀನು ಓದಲಾರೆ. ಇರಲಿ.

ಕೆಲಸ ಅದೇ. ಕಂಬವೂ ಅದೇ ಕಂಪನಿಯದು,
ಏಣಿಗೆ ಅದೇ ಹಳದಿ ಬಣ್ಣ,
ಎಂಬತ್ತು ಮೀಟರಿನ ಅದೇ ಮೊಣಕಾಲು ನೋವು.
ಸಂಬಳ ಮಾತ್ರ ಆರು ಸಾವಿರ ಕಮ್ಮಿ.
ಲೆಕ್ಕ ಹಾಕಿದರೆ ನಾನು ಸೋತವನು,
ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದುರ್ಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟಿದ್ದೇನೆ.
ಬ್ಯಾಂಕಿನವನಿಗೆ: ವರ್ಗಾವಣೆ.
ಹೆಂಡತಿಯ ಅಣ್ಣನಿಗೆ: ಅಲ್ಲಿಯ ನೀರು ಒಗ್ಗಲಿಲ್ಲ.
ಹೆಂಡತಿಗೆ: ನೀನು.
ಅವಳು ಮುದ್ದೆ ತಿರುವುತ್ತಿದ್ದಳು,
ಕೋಲು ನಿಲ್ಲಿಸಲಿಲ್ಲ.

ಚನ್ನಬೋರಪ್ಪ ಮಾವ ಕಾರಣ ಕೇಳಲೇ ಇಲ್ಲ, ತಾನೇ ಹೇಳಿದ:
"ಗಾಳಿಗೆ ತೂರಿದ್ರೆ ಜೊಳ್ಳು ದೂರ ಹೋಗ್ತೈತೆ,
ಕಾಳು ತೂರಿದೋನ ಕಾಲತ್ರನೇ ಬೀಳ್ತೈತೆ ಕಣ್ಲಾ."
ಒಳ್ಳೆ ಮಾತು. ಎದೆ ಉಬ್ಬಿತು,
ಒಂದು ಬೀಡಿ ಸೇದುವಷ್ಟು ಹೊತ್ತು.
ಆಮೇಲೆ ನೆನಪಾಯಿತು, ಅವನ ತಮ್ಮ
ನಲವತ್ತು ವರ್ಷದಿಂದ ಸೊಲ್ಲಾಪುರದಲ್ಲಿದ್ದಾನೆ,
ನಾವು ಕೂತ ಈ ತಾರಸಿ ಎದ್ದದ್ದೇ ಅವನ ದುಡ್ಡಲ್ಲಿ.
ಯಾರು ಕಾಳು, ಯಾರು ಜೊಳ್ಳು.
ನಾನೂ ಜೊಳ್ಳೇ ಇರಬಹುದು, ವಾಲ್ಜಿ,
ಗಾಳಿ ದಿಕ್ಕು ಬದಲಿಸಿತು, ಅಷ್ಟೇ.

ನಿಮ್ಮಲ್ಲಿ ಕಂಬದ ತುದಿಯ ಮುಚ್ಚಳ ತೆಗೆದು
ತಲೆ ಹೊರಗೆ ಹಾಕಿದರೆ ಕಾಣುತ್ತಿದ್ದದ್ದು ಉಪ್ಪು,
ಅದರಾಚೆ ಉಪ್ಪು, ಒಂದು ಒಂಟೆ,
ಗುಡಿಯೋ ದರ್ಗಾವೋ, ದೂರದಲ್ಲೊಂದು ಬಿಳಿ ಚುಕ್ಕಿ.
ಚೆಂದವೇ. ಸುಳ್ಳು ಹೇಳಬಾರದು.
ನೀನು ಬೆರಳು ಮಾಡಿ ಹೆಸರು ಹೇಳಿಕೊಡುತ್ತಿದ್ದೆ,
ಏಣಿ ಇಳಿಯುವಷ್ಟರಲ್ಲಿ ನಾನು ಮರೆತಿರುತ್ತಿದ್ದೆ.
ಮೂರು ವರ್ಷ, ಒಂದು ಹೆಸರೂ ಬಾಯಲ್ಲಿ ಕೂರಲಿಲ್ಲ.
ನಿನ್ನ ತಾಯಿ ಕಳಿಸುತ್ತಿದ್ದ ಸಜ್ಜೆ ರೊಟ್ಟಿ, ಬೆಲ್ಲ,
ಅದು ಮಾತ್ರ ಕೂತಿತು.

ಇಲ್ಲಿ ಮುಚ್ಚಳ ತೆಗೆದರೆ
ಅದು ಜೋಗಿಮಟ್ಟಿ, ಹೆಗಲ ಮೇಲೊಂದು ಮೋಡ.
ಅದು ಚಂದ್ರವಳ್ಳಿ ಕೆರೆ,
ಈಜು ಕಲಿಯಲು ಹೋಗಿ ನಾನು ಚಡ್ಡಿ ಕಳಕೊಂಡದ್ದು.
ಆನೆ ಕೂತ ಹಾಗಿರುವ ಆ ಬಂಡೆಗೆ
ನಾವು ಹುಡುಗರಿಟ್ಟ ಹೆಸರು ಬರೆಯುವ ಹಾಗಿಲ್ಲ.
ಕೋಟೆ ಇಲ್ಲಿಂದ ಅಲ್ಲಲ್ಲಿ ಉದುರಿದ ಹಲ್ಲುಸಾಲು.
ಚಳ್ಳಕೆರೆ ಕಡೆಯಿಂದ ಗಾಳಿ ತಿರುಗಿದ ದಿನ
ಶೇಂಗಾ ಎಣ್ಣೆಯ ವಾಸನೆ ಬಂದಂತೆ ಅನಿಸುತ್ತದೆ.
ಭ್ರಮೆ ಇರಬೇಕು, ಮೂವತ್ತು ಕಿಲೋಮೀಟರ್.

ಆದರೆ ಕಾರಣ ಇದೂ ಅಲ್ಲ.

ಬಂದ ವಾರ, ಆಷಾಢ, ಗಾಳಿ ಎಷ್ಟೆಂದರೆ
ಯಂತ್ರಗಳನ್ನೇ ನಿಲ್ಲಿಸಿಬಿಟ್ಟಿದ್ದರು.
ದ್ಯಾಮಕ್ಕನ ಟೀ ಅಂಗಡಿಯ ತಗಡು
ಹಾರಿ ಬಂದು ನನ್ನ ಬೈಕಿನ ಮೇಲೆ ಬಿತ್ತು.
ನಾನು ಬಾಯಿ ತೆರೆಯುವ ಮೊದಲೇ ಅವಳು:
"ಹಾಳಾದೋನೆ, ಅಲ್ಲೇ ನಿಲ್ಲಿಸ್ಬೇಕಿತ್ತಾ ನಿನ್ ಗಾಡಿನಾ?
ಮೂರೊರ್ಸ ಎಲ್ಲಿ ಸಾಯಕ್ಕೋಗಿದ್ದೆ?
ಇಡ್ಕ ಬಾ ಆ ಕಡೆ ತುದಿನಾ!"

ಮೂರು ವರ್ಷ ನನ್ನನ್ನು ಯಾರೂ ಬೈದಿರಲಿಲ್ಲ.
ಸಾಹೇಬರು ರೇಗುತ್ತಿದ್ದರು, ಹೌದು,
ಅದು ಬೈಗುಳವಲ್ಲ, ಇಂಗ್ಲಿಷು.
ಇದು ಕಿವಿಯಿಂದಿಳಿದು
ಹೊಟ್ಟೆಯಲ್ಲಿ ಬಿಸಿಯಾಗಿ ಕೂತಿತು.
ಇಬ್ಬರೂ ಒಂದೊಂದು ತುದಿ ಹಿಡಿದು ನಿಂತೆವು,
ಗಾಳಿ ತಗಡನ್ನು ತಮಟೆಯ ಹಾಗೆ ಬಡಿಯಿತು.
ಮೊಳೆ ಹುಡುಕುತ್ತ ಅವಳು ಬೈಯುತ್ತಲೇ ಇದ್ದಳು,
ಗಾಳಿಗೆ, ಮೊಳೆಗೆ, ನನಗೆ, ಸರ್ಕಾರಕ್ಕೆ.
ನಾನು ನಗುತ್ತಿದ್ದೆ. ಕಣ್ಣಿಗೆ ಧೂಳು ಬಿದ್ದಿತ್ತು.
ಟೀಗೆ ದುಡ್ಡು ತಗೊಂಡಳು. ಬೈಕಿಗೆ ಕೊಡಲಿಲ್ಲ.

ಇದನ್ನು ಹಿಂದಿಯಲ್ಲಿ ಹೇಗೆ ಹೇಳಲಿ.
ಭಾನುವಾರ ನೀನು ಮತ್ತೆ ಫೋನ್ ಮಾಡುತ್ತೀಯ,
ಹವಾ ಅಚ್ಛಾ ಹೈ, ಅನ್ನುತ್ತೇನೆ.
ನೀನೋ ಅಲ್ಲೇ ಹುಟ್ಟಿ ಅಲ್ಲೇ ಕಂಬ ಹತ್ತುವವನು,
ಯಾಕೆ ಉಳಿದೆ ಅಂತ ನಿನ್ನನ್ನು ಯಾರೂ ಕೇಳಿರಲಿಕ್ಕಿಲ್ಲ.
ಯಾರಾದರೂ ಕೇಳಿದರೆ
ನಿನ್ನ ಭಾಷೆಯಲ್ಲೇ ಬರೆದು ನನಗೆ ಕಳಿಸು.
ನಾನೂ ಓದಲಾರೆ.