ಹೆರಾತ್, ತಾಲೂಕು ಔರಾದ್

ಶನಿವಾರ ಅರ್ಧ ದಿನ. ಅನಾಟಮಿ ಹಾಲಿನಿಂದ ಬಂದು
ಎರಡು ಸಲ ಸಾಬೂನು ಹಚ್ಚಿದರೂ ಕೈಯಲ್ಲಿ ಫಾರ್ಮಾಲಿನ್.
"ಊರು ತೋರಿಸು," ಅಂದಳು ಮರ್ಝಿಯಾ,
"ಏಳು ತಿಂಗಳಾಯಿತು, ಬೀದರಿನಲ್ಲಿ ನಾನು ನೋಡಿದ್ದು
ಎಮ್ಮೆಯ ನಾಲ್ಕು ಹೊಟ್ಟೆ ಮಾತ್ರ."

ನಾನು ಇದೇ ಊರವಳು. ಕೋಟೆಗೆ ಹೋದದ್ದು ಒಮ್ಮೆ,
ಆರನೇ ಇಯತ್ತೆಯಲ್ಲಿ, ಸಾಲಾಗಿ, ಚಪ್ಪಲಿ ಹರಿದುಕೊಂಡು.
ನೆನಪಿರುವುದು ಚಪ್ಪಲಿ.

ಆಟೋದ ಹಲಗೆ ನಾನು ಓದಿದೆ. ಅವಳಿಗೆ ನಮ್ಮ ಅಕ್ಷರವೆಲ್ಲ
ಸುತ್ತಿಕೊಂಡು ಮಲಗಿದ ಬೆಕ್ಕಿನ ಮರಿ.
ಮಾತು ಮಾತ್ರ ಅಲ್ಲಲ್ಲಿ ಕೈಗೆ ಸಿಗುತ್ತದೆ:
ಮೊದಲ ವಾರ ಮೇಷ್ಟ್ರು 'ಜಾನುವಾರು' ಅಂದಾಗ
ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ ತಲೆ ಎತ್ತಿದ್ದಳು,
ಯಾರೋ ಮನೆಯ ಹೆಸರು ಹಿಡಿದು ಕರೆದ ಹಾಗೆ.
ಆಮೇಲೆ ಒಂದೊಂದಾಗಿ ಬಂದವು. ಜೀನು, ಲಗಾಮು, ದರವಾಜ,
ಅಂಜೂರ, ಕಾಗದ. ನಾನು ನಮ್ಮವೇ ಅಂದುಕೊಂಡಿದ್ದವು
ಅವಳ ಚೀಲದಿಂದ ಉದುರುತ್ತಿದ್ದವು.

ರಂಗೀನ್ ಮಹಲಿಗೆ ಬೀಗ. ಕಾವಲಿನ ಮಾಣಿಕಪ್ಪ
ಬೀಡಿ ಆರಿಸಿ, ಅವಳ ಓಢಣಿ ನೋಡಿ, ಕೇಳಿದ:
"ಯಾವೂರವ್ವ ಇಕಿ?"
"ಹೆರಾತ್."
"ಔರಾದ್? ನಮ್ಮ ತಂಗೀನ್ನ ಅಲ್ಲೇ ಕೊಟ್ಟೀವಿ.
ಮದಲೇ ಹೇಳಬಾರದೇನ್ರಿ!"
ಕೀಲಿ ತೆಗೆದ. ತಿದ್ದಲು ನಾನು ಬಾಯಿ ತೆರೆದೆ,
ಅವಳು ಕೈ ಅದುಮಿದಳು. ಆ ಸಂಜೆಯ ಮಟ್ಟಿಗೆ
ಅವಳ ಊರು ಕೆಂಪು ಬಸ್ಸಿಗೆ ಒಂದು ತಾಸು.

ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು. ಮಾಣಿಕಪ್ಪ ಟಾರ್ಚು ಹಿಡಿದ,
ಮೀನಿನ ಹೊಟ್ಟೆಯಂಥ ಬೆಳಕು ಹೊರಳಿತು.
"ಏನ್ ಬರದಾರ?" ಮೂವತ್ತು ವರ್ಷ ಕಾಯ್ದವನು,
ಒಮ್ಮೆಯೂ ಕೇಳಿಸಿಕೊಂಡಿಲ್ಲ.
ಅವಳು ಬಲದಿಂದ ಎಡಕ್ಕೆ ತುಟಿಯಾಡಿಸುತ್ತ ಹೋಗಿ, ನಿಂತಳು.
"ಇಲ್ಲೊಂದು ಚಿಪ್ಪು ಬಿದ್ದುಹೋಗಿದೆ. ಕ್ರಿಯಾಪದ
ಅಲ್ಲೇ ಇತ್ತು."
"ನಿಮ್ಮಲ್ಲೂ ಅದು ಕೊನೆಗೇ ಬರುತ್ತದಾ?"
"ನಿಮ್ಮಲ್ಲೂ?"
ಮಾಣಿಕಪ್ಪ ಟಾರ್ಚು ಆರಿಸಿದ: "ಔರಾದ್ ಮಂದಿ ಶ್ಯಾಣ್ಯಾ ಇರ್ತಾರ."

ರವಿವಾರ ನೌಬಾದಿನ ಆಚೆ. ಟ್ಯೂಷನ್ನಿಗೆ ನಾನು
ಎರಡು ವರ್ಷ ಸೈಕಲ್ ತುಳಿದ ದಾರಿ.
ಕಲ್ಲು ಕಟ್ಟಿದ ಒಂದು ಬಾಯಿ, ಆಚೆ ಇನ್ನೊಂದು, ಮತ್ತೊಂದು,
ಒಂದೇ ಗೆರೆಯಲ್ಲಿ. ಪಾಳು ಬಾವಿ, ಅಂದೆ.
ಅವಳು ಓಡಿದಳು, ಓಢಣಿ ಜಾಲಿಮುಳ್ಳಿಗೆ ಸಿಕ್ಕಿದ್ದೂ ಲೆಕ್ಕಿಸದೆ.
"ಕಾರೇಝ್! ಇದು ಕಾರೇಝ್!"
ಬಿಸಿಲಿಗೆ ಮುಖ ತೋರಿಸದೆ
ನೆಲದೊಳಗೇ ಊರಿಗೆ ನಡೆದುಬರುವ ನೀರು.
ಅವಳ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಯುತ್ತಿದ್ದನಂತೆ
ಹೂಳು ತೆಗೆಯಲು; ಮಗಳು ಮೇಲೆ ನಿಂತು
ಲಾಟೀನು ಇಳಿಬಿಡುತ್ತಿದ್ದಳಂತೆ.
ಏಳು ತಿಂಗಳಲ್ಲಿ ಇದನ್ನು ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.

ಹೊಟ್ಟೆಯ ಮೇಲೆ ಮಲಗಿ, ಕಬ್ಬಿಣದ ಜಾಳಿಗೆಗೆ ಕಿವಿಯಿಟ್ಟು
ಒಂದು ಹರಳು ಬಿಟ್ಟೆವು.
ಅವಳು: ನೀರು. ನಾನು: ಕೆಸರು.
ಇನ್ನೊಂದು ಹರಳು.
"ಕೇಳು," ಅಂದಳು. ನನಗೆ ಕೇಳಿದ್ದು
ದೂರದಲ್ಲಿ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದ್ದು.

ಮನೆಗೆ ಪಟ ಕಳಿಸಿದಳು. ಕೋಟೆಯವು ಹನ್ನೊಂದು, ಇದರದು ಒಂದು.
ರಾತ್ರಿ ಮೆಸ್ಸಿನಲ್ಲಿ ಪುಂಡಿಪಲ್ಯ ಬಡಿಸುವಾಗ
ಮೊಬೈಲಿನೊಳಗಿಂದ ಅಪ್ಪನ ದನಿ, ಕೆಮ್ಮಿನ ಜೊತೆ.
ಕೋಟೆಯ ಮಾತಿಲ್ಲ, ಉಂಡೆಯಾ ಅನ್ನುವುದೂ ಇಲ್ಲ,
ಒಂದೇ ಪ್ರಶ್ನೆ. ಅವಳು ನನ್ನತ್ತ ತಿರುಗಿದಳು:
"ನೀರು ಹರಿಯುತ್ತದಾ ಅಂತ ಕೇಳುತ್ತಾನೆ.
ನೀನೇ ಹೇಳು. ಊರು ನಿನ್ನದು."

ನಾಳೆ ರುಮೆನ್ನಿನ ಚಿತ್ರ ಬರೆದು ಒಪ್ಪಿಸಬೇಕು.
ಮುರಿದ ರೊಟ್ಟಿ ಕೈಯಲ್ಲೇ ಇತ್ತು. ಕೆಂಪು ದೀಪ ಹತ್ತಿ
ಸೆಕೆಂಡು ಎಣಿಸತೊಡಗಿತು.
ಅವಳು ಕಲಿಸಿದ ಒಂದು ಶಬ್ದ ಗೊತ್ತಿತ್ತು.
"ಆಬ್," ಅಂದೆ.
ಆಮೇಲಿನದು ಹರಿಯುತ್ತದೆಯೋ, ಹರಿಯುತ್ತಿತ್ತೋ, ಹರಿದೀತೋ,
ನಾನು ಹುಡುಕುತ್ತಿರುವಾಗಲೇ ಅವಳ ಬೆರಳು ಜಾರಿ
ಅಷ್ಟೇ ಹೋಯಿತು ಹೆರಾತಿಗೆ:
ನೀರು