ಬರೇ ಒಂದು ರೀಡಿಗಂತ

ಜತ್ತಿನಿಂದ ಮಿರಜಿಗೆ ಹೊಂಟಿದ್ದು ಬರೇ ಒಂದು ರೀಡಿಗಂತ.
ಮಂದ್ರದ ಕೋಮಲ ಧೈವತ ಕೈ ಕೊಟ್ಟಿತ್ತು.
ಒತ್ತಿದರ ಗಾಳಿ ಬರತಿತ್ತು, ಸ್ವರ ಬರತಿದ್ದಿಲ್ಲ,
ಹಲ್ಲು ಬಿದ್ದ ಮುದುಕ ಸೀಟಿ ಹೊಡದಂಗ.
ಕರಚೀಪಿನಾಗ ಸುತ್ತಿ ಅಂಗಿ ಕಿಸೆದಾಗ ಇಟಗೊಂಡೆ.
ರೊಕ್ಕ ಒಳಗಿನ ಕಿಸೆದಾಗ.
ಇಷ್ಟು ಯಾಕ ಅಂತ ನೀಲಗಂಗಾ ಕೇಳಲಿಲ್ಲ.
ಕೇಳದಿರೂದು ಆಕಿಗೆ ಹದಿನೆಂಟು ವರ್ಷದ ರಿಯಾಜ.

ಮನ್ಯಾಗ ಪೆಟ್ಟಿ ನಾಕು. ಸ್ವಾದರಮಾವಂದು ಒಂದು,
ಅದರ ಭಾತಿಗೆ ಇಲಿ ತೂತು ಮಾಡಿತ್ತು,
ತೂತು ಮುಚ್ಚೂದರೊಳಗ ಎರಡನೇದು ಬಂತು.
ಎರಡನೇದಕ್ಕ ಕಪ್ಲರ್ ಇಲ್ಲಂತ ಮೂರನೇದು,
ಮೂರನೇದು ಭಾರ, ಪ್ರವಾಸಕ್ಕ ಆಗೂದಿಲ್ಲಂತ ಸಣ್ಣದೊಂದು.
ಪ್ರವಾಸ ಅಂದರ ಉಮದಿ, ಸಂಖ,
ಬಾಳಾದರ ಗುಡ್ಡಾಪುರದ ಅಮಾಸಿ.
ದಿಲರೂಬಾನೂ ಐತಿ. ಅದರ ಮ್ಯಾಲೆ ನಾ ಇನ್ನೂ ಕಮಾನು ಇಟ್ಟಿಲ್ಲ.
ಅದರ ಪೆಟ್ಟಿಗಿ ಉದ್ದ,
ನೀಲಗಂಗಾ ಅದರಾಗ ಶಾವಿಗಿ ಇಡತಾಳ.

ಈ ರೋಗದವ ನಾ ಒಬ್ಬನ ಅಲ್ಲ.
ತಬಲಾದ ಮಾಳಪ್ಪಗ ಡಗ್ಗಾ ಐದು, ಕೈ ಎರಡ.
ತಾಳದ ಸಿದಗೊಂಡ, ಬಡಿಯೂದಂದರ ಎರಡು ಹಿತ್ತಾಳಿ ತುಣುಕು,
ಅವನ ಹಂತ್ಯಾಕನೂ ನಾಕು ಜೋಡಿ:
ಒಂದು ಮಳಿಗಾಲದ್ದಂತ, ಒಂದು ಬರೇ ಸೋಮವಾರದ್ದಂತ,
ಉಳದೆರಡು ಯಾಕಂತ ಅವಗೂ ನೆನಪಿಲ್ಲ.
ಹಾಡೂ ಬಾಳವ್ವನ್ನ ನೋಡ್ರೋ, ಗಂಟಲಿದ್ದರ ಸಾಕು ಆಕಿಗೆ,
ಅಂತ ಎಲ್ಲಾರಿಗೂ ಹೇಳತಿದ್ದೆ.
ಹೋದ ಹುಣ್ಣಿವಿಗೆ ಆಕಿ ಕಿವ್ಯಾಗ ಅಂದಳು:
"ತಮ್ಮಾ, ಮಿರಜಿಗೆ ಹೋದರ ಒಂದು ಛಲೋ ಮೈಕ್ ನೋಡು."

ಓಣಿಗೆ ಕಾಲಿಟ್ಟರ ವಾರ್ನಿಶಿನ ವಾಸನಿ.
ಕಟ್ಟಿ ಮ್ಯಾಲೆ ತಂಬೂರಿ ಸೋರಿಬುರುಡಿ ಒಣಗಾಕ ಇಟ್ಟಾರ,
ಬಿಸಿಲಾಗ ಸಾಲು ಹಿಡದು ಕುಂತ ಬೋಳುತಲಿಗಳು,
ಯಾರರ ಹಾಡ್ಯಾರಂತ ಕಾಯಾಕ ಹತ್ತಿದಂಗ.
ಖಾಜಾಹುಸೇನ್ ರೀಡು ನೋಡಿದ,
ಅರದಿಂದ ಎರಡು ಸಲ ತಿಕ್ಕಿದ, ಊದಿದ.
ಸ್ವರ ಬಂತು.
"ಮೂವತ್ತು ರೂಪಾಯಿ ಕೊಡ್ರಿ."
ಬಂದ ಕೆಲಸ ಹತ್ತು ಮಿನಿಟಿನಾಗ ಮುಗದು ಹೋದರ
ಮನಶಾಗ ಎಂಥಾ ಅಪಮಾನ ಆಗತೈತಿ!
ಬಸ್ಸಿಗೆ ಇನ್ನೂ ಎರಡು ತಾಸು.

ಗ್ವಾಡಿಗೆ ಒಂದು ಸ್ವರಮಂಡಲ.
ನಾ ಕೇಳಲಿಲ್ಲ, ಬರೇ ನೋಡಿದೆ.
ಆಂವ ಹೇಳಲಿಲ್ಲ, ಬರೇ ಇಳಿಸಿದ.
ಸುಮ್ಮನ ಬೆರಳು ಎಳದೆ. ಮೂವತ್ತಾರು ತಂತಿ,
ಮೂವತ್ತಾರೂ ನನ್ನ ಹೆಸರ ಹಿಡದು ಕರದವು.
ಈ ಜನ್ಮದಾಗ ನನಗ ದಕ್ಕದ ರಾಗೊಂದು
ಹೊಸ್ತಿಲತನಕ ಬಂದು ನಿಂತಿತ್ತು,
ಇದೊಂದಿದ್ದರ ಸಾಕು, ಒಳಗ ಬರತೈತಿ ಅನಿಸಿತು.
ಹಂಗ ಅನಿಸೂದಕ್ಕ ನಾವು ರೊಕ್ಕ ಕೊಡೂದು.
ವಾದ್ಯ ಪುಕ್ಕಟಿ.

ಕವಠೆ ಮಹಾಂಕಾಳ ದಾಟಿತು.
ತೊಡಿಮ್ಯಾಲೆ ಅರಿವಿ ಸುತ್ತಿದ ಗಂಟು.
ಎಸ್‌ಟಿ ಗೇರ್ ಬದಲಿಸಿದಾಗೊಮ್ಮೆ
ತಂತಿ ತಾವ ಗುಂಯ್ ಅನತಿದ್ದವು.
ಬಸ್ಸಿನ ಸುರ ಕಾಳಿ ಎರಡು, ಏರಿನಾಗ ಬಿಳಿ ಮೂರು.
ದ್ರಾಕ್ಷಿ ಬುಟ್ಟಿ ಹಿಡಕೊಂಡ ಬಾಜೂದ ಮುದುಕಿ
ಮರಾಠಿಯೊಳಗ ಕೇಳಿದಳು: "ಕೂಸು ಎಷ್ಟು ತಿಂಗಳದ್ದಪಾ?"
"ಇವತ್ತ ಹುಟ್ಟೇತಿ," ಅಂದೆ.
"ತಾಯಿ ಎಲ್ಲಿ?"
ಕಿಡಕ್ಯಾಗ ನೋಡಿದೆ. ಜಾಲಿ, ಜಾಲಿ, ಒಂದು ಪೆಟ್ರೋಲ್ ಪಂಪು.

ಮಾಳಪ್ಪಂದಿದು, ಇಟಗೋ ಅಂದಾನ;
ದುರಸ್ತಿಗೆ ಬಂದದ್ದು, ನಾಕು ದಿನ ಇರತೈತಿ;
ಭಾಳ ಸೋವಿ ಸಿಕ್ಕಿತು.
ಮೂರೂ ಸುಳ್ಳನ್ನ ಓಣಿ ತಿರುವಿನತನಕ ಶ್ರುತಿ ಮಾಡಕೋತ ಬಂದೆ.
ನೀಲಗಂಗಾ ಬಾಗಿಲು ತಗದಳು. ಗಂಟು ನೋಡಲಿಲ್ಲ.
"ರೀಡು ಆತೇನ್ರಿ?"

ಅಂಗಿ ಕಿಸೆ. ಒಳಗಿನ ಕಿಸೆ. ಚೀಲ. ಮತ್ತ ಅಂಗಿ ಕಿಸೆ.
ಅಲ್ಲಿ ಮಿರಜಿನಾಗ, ಹಲಗಿಮ್ಯಾಲೆ, ಅರದ ಪಕ್ಕ,
ಕರಚೀಪು ಹಾಸಕೊಂಡು ಮಲಗಿತ್ತು
ನನ್ನ ಕೋಮಲ ಧೈವತ, ಸುರಕ್ಕ ಕೂಡಿ.

"ಬಾಳವ್ವ ಬಂದಿದ್ದಳು, ಮೈಕ್ ಕೇಳಿದಳು," ಅಂದು
ಆಕಿ ದಿಲರೂಬಾದ ಪೆಟ್ಟಿಗಿ ತೆರದು
ರಾತ್ರಿ ಊಟಕ್ಕ ಎರಡು ಹಿಡಿ ಶಾವಿಗಿ ತಗದಳು.
ಇದಕ್ಕೂ ಒಂದು ಪೆಟ್ಟಿಗಿ ಬೇಕಾಗತೈತಿ
ಅಂದೆ ನಾ, ಮೆಲ್ಲಕ.